ಉಂಗುರಬೆರಳಿನ ಮೂರು ಹನಿ

ಹೋದ ಬೇಸಿಗೆಯ ಒಂದು ಮಧ್ಯಾಹ್ನ ನಾನೂ ಗೆಳೆಯ ಗುರುಸಿದ್ಧನೂ ಗೋಕಾಕದ ಬಾರುಗಳನ್ನು ನಡೆದೇ ಸುತ್ತಿ, ಒಂದೊಂದರಲ್ಲಿ ನಮ್ಮ ಕಡೆಯ ಒಂದೊಂದು ವಿಸ್ಕಿಯ ರುಚಿ ನೋಡಲು ಹೊರಟೆವು.

ಕುಡಿಯುವ ಮೊದಲು ಉಂಗುರಬೆರಳಿನಿಂದ ಮೂರು ಹನಿ ಚಿಮುಕಿಸುವುದು ನಮ್ಮ ರೂಢಿ. ಅದು ಸತ್ತವರ ಪಾಲು; ಯಾರ ಹೆಸರನ್ನೂ ಹೇಳುವುದಿಲ್ಲ. ಮೊದಲ ಬಾರಿನಲ್ಲಿ ಗುರುಸಿದ್ಧ ನಗುತ್ತ ಹೇಳಿಬಿಟ್ಟ: “ಬಾಳಪ್ಪ ಕಾಕಾ, ನೀನೂ ಬಾ ನಮ್ಮ ಜೋಡಿ.” ಅವನ ಕಾಕಾ ತೀರಿಕೊಂಡು ಆರು ವರ್ಷವಾಗಿತ್ತು.

ಎರಡನೆಯ ಬಾರಿನಲ್ಲಿ ನಾವು ಕೂರುವ ಮೊದಲೇ ಮೇಜಿನ ಮೇಲೆ ಮೂರು ಹನಿ ಇದ್ದವು. ಆ ಸೆಕೆಯಲ್ಲೂ ಮುಟ್ಟಿದರೆ ತಣ್ಣಗೆ ಕೊರೆಯುತ್ತಿದ್ದವು. ಮೂಸಿ ನೋಡಿದೆ: ಮೊದಲ ಬಾರಿನಲ್ಲಿ ಕುಡಿದ ವಿಸ್ಕಿಯ ಸುಟ್ಟ ಬೆಲ್ಲದ ವಾಸನೆ.

“ಈಗರ ಒರಸೇನಲ್ರಿ ಸಾಹೇಬ್ರ,” ಎಂದು ವೇಟರ್ ಮತ್ತೆ ಬಟ್ಟೆಯಾಡಿಸಿದ.

ಅಲ್ಲಿ ಕುಡಿದದ್ದು ಕಿತ್ತಳೆ ಸಿಪ್ಪೆಯ ವಾಸನೆಯದು. ಮೂರನೆಯ ಬಾರಿನ ಮೇಜಿನ ಮೇಲೂ ಮೂರು ಹನಿ, ಅದೇ ಕಿತ್ತಳೆ. ಗ್ಲಾಸು ಬಂತು. ಲವಂಗದ ಘಾಟು ಮೂಗಿಗೆ ಬಡಿಯಿತು. ಗುರುಸಿದ್ಧ ಬೆರಳನ್ನೂ ಅದ್ದಲಿಲ್ಲ. ತುಟಿಗೆ ಮುಟ್ಟಿಸದೆ ಎದ್ದು, ನೇರ ಅವನ ಮನೆಗೆ ಬಂದೆವು.

ಅವನ ಹೆಂಡತಿ ದಾಕ್ಷಾಯಿಣಿ ಬಾಗಿಲಲ್ಲಿ ಒರೆಸುವ ಬಟ್ಟೆ ಹಿಡಿದು ಕೂತಿದ್ದಳು.

“ಮನಿಯಾಗ ಲವಂಗ ತೀರಿ ವಾರಾತು,” ಎಂದಳು. “ಹೊಸ್ತಿಲ ಮ್ಯಾಲ ಮೂರ ಹನಿ ಬಿದ್ದಾವು ನೋಡ್ರಿ, ಬರೇ ಲವಂಗದ ವಾಸನಿ ಬರಾಕತ್ತೈತಿ.”