ಕಡಲು ದಾಟಿಸಿದ ಕೈ

“ಹನುಮಪ್ಪ ಇಲ್ಲ!”

ದುರ್ಗಪ್ಪನ ಕೂಗಿಗೆ ಐಶ್ವರ್ಯ ಕೈಯಲ್ಲಿದ್ದ ಚಹಾದ ಕಪ್ಪಿನ ಸಮೇತ ವೇದಿಕೆ ಹತ್ತಿ ಪರದೆಯ ಹಿಂದೆ ಓಡಿದಳು. ಗೊಂಬೆಗಳ ಪೆಟ್ಟಿಗೆ ಬಾಯಿ ತೆರೆದುಕೊಂಡಿತ್ತು. ರಾಮ ಇದ್ದ. ಸೀತೆ ಇದ್ದಳು. ಹತ್ತೂ ತಲೆ ಸಮೇತ ರಾವಣ ಇದ್ದ. ಮೂರು ತಲೆಮಾರಿನಿಂದ ಕಡಲು ಹಾರುತ್ತ ಬಂದಿದ್ದ ತೊಗಲಿನ ಹನುಮ ಮಾತ್ರ ಇರಲಿಲ್ಲ.

“ಕೀಲಿ ಮುರದಿಲ್ಲ. ಮತ್ತ ಹೆಂಗ ಹೋತು?” ದುರ್ಗಪ್ಪ ಗರ್ರನೆ ತಿರುಗಿದ. “ಹ್ವಾದ ವಾರ ಕೀಲಿಕೈ ಇಸ್ಕೊಂಡಾವ್ರು ನೀವಲ್ಲೇನ್ರಿ ಮೇಡಂ?”

“ಗೊಂಬಿ ಫೋಟೋ ತಗ್ಯಾಕ ಇಸ್ಕೊಂಡಿದ್ದೆ! ಅವತ್ತ ವಾಪಸ್ ಕೊಟ್ಟೀನಿ.”

“ಇನ್ನೊಂದ ಕೀಲಿಕೈ ಮಾಡಿಸ್ಕೊಳ್ಳಾಕ ಎಷ್ಟ ಹೊತ್ತು ಬೇಕು?”

ಗೋಕಾಕದ ಆ ಸಭಾಭವನದಲ್ಲಿ ಆಟ ಅವತ್ತೇ ಸಂಜೆ. ದಡ್ಡಿಯ ಭೀಮಶಿಯ ತೊಗಲುಗೊಂಬೆ, ಹುಕ್ಕೇರಿಯ ಐಶ್ವರ್ಯಳ ಅನಿಮೇಷನ್, ಎರಡೂ ಒಂದೇ ಪರದೆಯ ಮೇಲೆ ಕೂಡುವ ಲಂಕಾದಹನ. ಪರದೆಯ ಹಿಂದೆ ದೀಪ ಮತ್ತು ಗೊಂಬೆ. ಪರದೆಯ ಮುಂದೆ ಪ್ರೊಜೆಕ್ಟರು. ಅದರಿಂದ ಬರುವ ಕಡಲು, ಬೆಂಕಿ, ಹೊಗೆ. ಹನುಮನ ಬಾಲಕ್ಕೆ ಬೆಂಕಿ ಸರಿಯಾಗಿ ಹೊಂದಲೆಂದೇ ಅವಳು ಗೊಂಬೆಯ ಫೋಟೋ ತೆಗೆದಿದ್ದು. ಹನುಮನೇ ಇಲ್ಲವೆಂದ ಮೇಲೆ ಬೆಂಕಿ ಹಚ್ಚುವುದು ಯಾರಿಗೆ? ಆಟ ಹಾಳಾದರೆ ಹಾಳಾಗಲಿ, ಕಳ್ಳಿ ಎನ್ನಿಸಿಕೊಂಡು ಭೀಮಶಿ ಕಾಕಾನ ಮುಂದೆ ನಿಲ್ಲುವುದು ಅವಳಿಂದ ಆಗದ ಮಾತಾಗಿತ್ತು.

ಅವಳು ಕೊಣ್ಣೂರಿನ ದೊಡ್ಡವ್ವನಿಗೆ ಫೋನು ಮಾಡಿದಳು.

ದೊಡ್ಡವ್ವ ಎಂದರೆ ಶಂಕ್ರವ್ವ, ನಿವೃತ್ತ ಹವಾಲ್ದಾರ್. ಪೊಲೀಸು ಕೆಲಸ ಬಿಟ್ಟರೂ ಪೊಲೀಸು ಕಣ್ಣು ಅವಳನ್ನು ಬಿಟ್ಟಿರಲಿಲ್ಲ. ಕೊಣ್ಣೂರಿನಲ್ಲಿ ಕೋಳಿ ಕಳೆದರೂ ಜನ ಠಾಣೆಗಿಂತ ಮೊದಲು ಅವಳ ಕಟ್ಟೆಗೆ ಬರುತ್ತಿದ್ದರು. ಅರ್ಧ ತಾಸಿನಲ್ಲಿ ಅವಳು ಸ್ಕೂಟಿ ನಿಲ್ಲಿಸಿ, ಸೆರಗು ಸಿಕ್ಕಿಸಿ, ನೆಟ್ಟಗೆ ಪರದೆಯ ಹಿಂದೆ ಬಂದಳು.

“ನಿಮ್ಮ ತಂಗಿ ಮಗಳನ್ನ ನೀವ ಹಿಡೀತೀರೇನ್ರಿ?” ದುರ್ಗಪ್ಪ ಕೊಂಕು ನುಡಿದ.

“ಅಕಿ ಕದ್ದಿದ್ರ ಮದಲ ಅಕಿನ್ನ ಹಿಡೀತೀನಿ. ನೀ ಯಾರು?”

“ಭೀಮಶಿ ಮಾವನ ಅಕ್ಕನ ಮಗಾ. ಮೈಕು, ಗಾಡಿ ನಂದು.”

ಶಂಕ್ರವ್ವ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಎಲ್ಲಕ್ಕೂ ಮೇಲೆ ಗಣಪತಿ. ಒಂದು ಕಡೆ ರಾಮನ ಪಕ್ಷ, ಇನ್ನೊಂದು ಕಡೆ ರಾವಣನ ಪಕ್ಷ, ನಡುವೆ ಒಂದು ಬಿಳಿ ಅರಿವೆ.

“ಇದನ್ನ ಈಗ ಹಿಂಗ ಇಟ್ಟಾವ್ರು ಯಾರು?”

“ಯಾರೂ ಮುಟ್ಟಿಲ್ರಿ. ಹಿಂಗ ಇತ್ತು,” ಎಂದ ದುರ್ಗಪ್ಪ. “ರಾಮ ರಾವಣ ಒಬ್ಬರಿಗೊಬ್ರು ತಾಕಬಾರ್ದು. ನಮ್ಮ ಪದ್ಧತಿ.”

“ಐಶೂ, ನಿನಗಿದು ಗೊತ್ತಿತ್ತೇನ?”

ಐಶ್ವರ್ಯ ತಲೆಯಾಡಿಸಿದಳು. ಗೊತ್ತಿರಲಿಲ್ಲ. ಫೋಟೋ ತೆಗೆದ ದಿನವೂ ಪೆಟ್ಟಿಗೆ ಕಟ್ಟಿದವನು ಭೀಮಶಿಯೇ.

“ಕಳ್ಳ ಪದ್ಧತಿ ಬಲ್ಲಾವ,” ಎಂದಳು ಶಂಕ್ರವ್ವ. “ಹರದ ಗೊಂಬಿ, ಕೆಲಸಕ್ಕ ಬಾರದ ಗೊಂಬಿ ಏನ ಮಾಡ್ತೀರಿ?”

“ಒಗ್ಯಾಂಗಿಲ್ರಿ. ನಮ್ಮ ದಡ್ಡಿ ಹೊಳ್ಯಾಗ ಪೂಜಿ ಮಾಡಿ ಬಿಡ್ತೀವಿ. ಬ್ಯಾರೆ ಕಡೆ ಬಿಡೂದಿಲ್ಲ.”

ಹೇಳುತ್ತ ದುರ್ಗಪ್ಪ ಗೋಡೆಯ ಬಾಜೂ ಮಡಿಸಿಟ್ಟಿದ್ದ ಕೌದಿಯ ಮೇಲೆ ಕೂರಲು ಹೋದ.

“ಏ! ಏಳೋ ಅಲ್ಲಿಂದ!”

ಗದರಿಸಿದವನು ಭೀಮಶಿ. ಅಲ್ಲಿಯವರೆಗೂ ಅವನು ಕಂಬಕ್ಕೆ ಆತು ನಿಂತು ಒಂದು ಮಾತೂ ಆಡಿರಲಿಲ್ಲ. ಮೊಣಕಾಲು ನೋವಿನ ಮನುಷ್ಯ. ಐಶ್ವರ್ಯ ಕುರ್ಚಿ ತಂದುಕೊಟ್ಟಾಗಲೂ ಬೇಡವೆಂದು ಕೈಯಾಡಿಸಿದ್ದ.

“ಯಣ್ಣಾ, ನಿಮಗ ಯಾರ ಮ್ಯಾಲ ಸಂಶೇ ಐತಿ?” ಶಂಕ್ರವ್ವ ಕೇಳಿದಳು.

“ಯಾರ ಮ್ಯಾಲೂ ಇಲ್ಲವ್ವ. ಹೋಗಲಿ ಬಿಡ್ರಿ. ಐಶವ್ವನ ಮಶೀನಿನ್ಯಾಗ ಅದಕಿಂತ ಛಲೋ ಹನುಮಪ್ಪ ಅದಾನು. ಆಟ ನಿಂದರೂದಿಲ್ಲ.”

ಐಶ್ವರ್ಯ ಏನೋ ಹೇಳಲು ಬಾಯಿ ತೆರೆದಳು. ಶಂಕ್ರವ್ವ ಕಣ್ಣಲ್ಲೇ ತಡೆದಳು.

ಮೂಲೆಯಲ್ಲಿ ಭೀಮಶಿಯ ಹೆಂಡತಿ ಕೆಂಪವ್ವ ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕುತ್ತಿದ್ದಳು. ಮೇಳದ ಹಾಡುಗಾತಿ. ಅವಳ ದನಿ ಏರಿದರೆ ಮೈಕು ನಾಚಬೇಕು, ಅಂಥ ಕಂಠ.

“ನೀವ್ಯಾಕ ಅಳಾಕತ್ತೀರಿ ಕೆಂಪವ್ವಾ?”

“ಹನುಮಪ್ಪ ಸಿಟ್ಟಾಗಿ ಹೋಗ್ಯಾನ್ರಿ ಅಕ್ಕಾರ.”

“ಯಾರ ಮ್ಯಾಲ ಸಿಟ್ಟು?”

ಕೆಂಪವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ದುರ್ಗಪ್ಪನೇ ಬಾಯಿ ಹಾಕಿದ. “ಅತ್ತಿ ಆ ಗೊಂಬಿ ಮುಟ್ಟೂದ ಇಲ್ರಿ. ಹನುಮಪ್ಪನ್ನ ನಮ್ಮ ಮನ್ಯಾಗ ಹೆಣ್ಮಕ್ಕಳು ಮುಟ್ಟಾಂಗಿಲ್ಲ.”

ಶಂಕ್ರವ್ವ ಐಶ್ವರ್ಯಳನ್ನು ಹೊರಗಿನ ಮೆಟ್ಟಿಲಿಗೆ ಕರೆದೊಯ್ದಳು.

“ಖರೆ ಹೇಳು. ನಿನ್ನ ಮಶೀನಿನ್ಯಾಗ ಹಾರೂ ಹನುಮಪ್ಪ ಅದಾನೇನು?”

“ಇಲ್ಲ ದೊಡ್ಡವ್ವಾ! ಕಡಲು ನಂದು, ಬೆಂಕಿ ನಂದು. ಹಾರೂದು ಕಾಕಾನ ಕೈಯಿಂದ. ನಿನ್ನಿ ತಾಲೀಮಿನ್ಯಾಗ ನೋಡಬೇಕಿತ್ತು ನೀ…”

ಕಳವಿನ ಚಿಂತೆಯ ನಡುವೆಯೂ ಅವಳ ಮುಖ ಅರಳಿತು. ನಿನ್ನೆ ಪರದೆಯ ತುಂಬ ಅವಳ ಕಡಲು ಎದ್ದಿತ್ತು, ಅಲೆಯ ಮೇಲೆ ಅಲೆ. ದಡದಲ್ಲಿ ಹನುಮ ನಿಂತಿದ್ದ. ನಿಂತವನು ಒಮ್ಮೆ ಮೈ ಕುಗ್ಗಿಸಿದ. ಆಮೇಲೆ ಬೆಳೆದ, ಬೆಳೆದ, ಪರದೆಯನ್ನೇ ತುಂಬಿದ. ಅಲೆಯ ಬೆನ್ನ ಮೇಲೆ ಕಾಲಿಟ್ಟವನಂತೆ ಹಾರಿ, ಆ ಕಡೆ ಹೋಗಿ ಗೆರೆಯಷ್ಟು ತೆಳುವಾಗಿ ಮರೆಯಾದ. ತೊಗಲೆಷ್ಟು, ಬೆಳಕೆಷ್ಟು ಎಂದು ಬಿಡಿಸಿ ಹೇಳಲು ಅದನ್ನು ಮಾಡಿದ ಅವಳಿಗೇ ಆಗಿರಲಿಲ್ಲ. ಅವಳ ಪಕ್ಕದಲ್ಲಿ ಮೈಕಿನ ಹತ್ತಿರ ಕೂತಿದ್ದ ದುರ್ಗಪ್ಪ ಎದ್ದು ನಿಂತು ಚಪ್ಪಾಳೆ ಹೊಡೆದಿದ್ದ. ತಾಲೀಮು ಅಲ್ಲಿಗೇ ನಿಂತಿತ್ತು. ಅದರ ಮೇಲೆ ಮಾಡಲು ಯಾರಿಗೂ ಏನೂ ತೋಚಿರಲಿಲ್ಲ.

“ವಿಡಿಯೋ ಐತೇನು?”

ಇತ್ತು. ಶಂಕ್ರವ್ವ ಒಮ್ಮೆ ನೋಡಿದಳು. “ಗೊಂಬಿ ದೊಡ್ಡದಾದಾಗ ಅಂಚು ಮಸಕಾತಲ್ಲ?”

“ದೀಪದ ಹಂತ್ಯಾಕ ತಂದ್ರ ಹಂಗ ಆಕ್ಕೈತಿ. ನಂದು ಮಸಕ ಆಗೂದಿಲ್ಲ. ಅದು ಖರೆ ಗೊಂಬಿನ.”

ಎರಡನೆಯ ಸಲ ಹಚ್ಚಿ ಶಂಕ್ರವ್ವ ಕಣ್ಣು ಮುಚ್ಚಿಕೊಂಡಳು. ವಿಡಿಯೋ ನೋಡಲು ಕಣ್ಣು ಮುಚ್ಚುವವರನ್ನು ಐಶ್ವರ್ಯ ಕಂಡದ್ದು ಅದೇ ಮೊದಲು. ಹಾಡು ಮುಗಿಯಿತು. ಶಂಕ್ರವ್ವ ಕಣ್ಣು ತೆರೆದು ಎದ್ದಳು. ಮುಖದಲ್ಲಿ ನಗು.

“ನಡಿ. ನಿನ್ನ ಕಳ್ಳನೂ ಸಿಕ್ಕ, ಹನುಮಪ್ಪನೂ ಸಿಕ್ಕ.”

ಪರದೆಯ ಹಿಂದೆ ಬಂದವಳೇ ಅವಳು ಕೌದಿಯ ಎದುರು ಕೈ ಮುಗಿದು ನಿಂತಳು. “ಭೀಮಶ್ಯಣ್ಣಾ, ಮೊಣಕಾಲು ಹಿಡಕೊಂಡ ಮುಂಜಾನಿಂದ ಯಾಕ ನಿಂತೀರಿ?”

ಭೀಮಶಿಯ ಕಣ್ಣು ಕೌದಿಯ ಕಡೆ ಹೋಯಿತು. ಶಂಕ್ರವ್ವ ಮುಂದುವರಿಸಿದಳು.

“ಹನುಮಪ್ಪ ನೆಲದ ಮ್ಯಾಲ ಇರುಮುಂದ ತಾನು ಕುರ್ಚಿ ಮ್ಯಾಲ ಹೆಂಗ ಕುಂದರೂದು ಅಂತ. ದುರ್ಗಪ್ಪನ್ನೂ ಕೌದಿ ಮ್ಯಾಲ ಕುಂದರಾಕ ಬಿಡ್ಲಿಲ್ಲ. ಬಿಚ್ಚರಿ ಅದನ್ನ.”

ಅವನು ಕೌದಿ ಬಿಚ್ಚಿದ. ಒಳಗೆ, ಹಳದಿ ಅರಿವೆಯಲ್ಲಿ, ಬಾಲವನ್ನು ಜೋಪಾನವಾಗಿ ಸುತ್ತಿಸಿಕೊಂಡ ಹನುಮ.

“ಮಾವಾ!” ದುರ್ಗಪ್ಪ ಹೌಹಾರಿದ. “ನಿಮ್ಮ ಗೊಂಬಿ ನೀವ ಕದ್ರೇನು?”

“ಕದ್ದಿಲ್ಲೋ. ಆಟ ಮುಗದ ಮ್ಯಾಲ ದಡ್ಡಿಗೆ ಒಯ್ದು ಹೊಳಿಗೆ ಬಿಡಾಂವ ಇದ್ದೆ.” ಭೀಮಶಿ ಹನುಮನ ಬಾಲದ ಸುತ್ತು ಸರಿಮಾಡಿದ. “ನಿನ್ನಿ ಐಶವ್ವನ ಕಡಲ ಎದ್ದಾಗ ನನಗ ತಡ್ಯಾಕ ಆಗಲಿಲ್ಲ. ನನ್ನ ಪರದೆ ಮುಂದಿನಿಂದ ಹೆಂಗ ಕಾಣ್ತದ ಅಂತ ಜಲ್ಮದಾಗ ನೋಡಿದಾಂವ ಅಲ್ಲ ನಾ. ಹನುಮಪ್ಪನ್ನ ಮುಳ್ಳ ಚುಚ್ಚಿ ಪರದೆಗೆ ನಿಲ್ಲಿಸಿ ಮುಂದ ಹ್ವಾದೆ, ಕತ್ತಲ್ಯಾಗ ನಿಂತೆ. ಹಾರಿದ ನೋಡ್ರಿ! ನನ್ನಪ್ಪನೂ ಹಂಗ ಹಾರ್ಸಿದಾಂವ ಅಲ್ಲ. ತಿರುಗಿ ಬಂದರ ನನ್ನ ಗೊಂಬಿ ಇಟ್ಟಲ್ಲೇ ಐತಿ. ಹಾರಿದ್ದು ಮಶೀನಿನ ಹನುಮಪ್ಪ. ಅಂದಮ್ಯಾಲ ಈ ತೊಗಲಿನಾಂವಗ ಏನ ಕೆಲಸ ಉಳೀತು? ಐಶವ್ವನ ಮ್ಯಾಲ ತಪ್ಪ ಬರ್ತದ ಅಂತ ನನಗ ಹೊಳೀಲಿಲ್ಲ. ದುರ್ಗ್ಯಾ ಅಕಿ ಮ್ಯಾಲ ತಪ್ಪ ಹೊರಿಸಿದಾಗ ಹೇಳಾಕ ಬಾಯಿ ಬರ್ಲಿಲ್ಲ.”

“ಕಾಕಾ, ನನ್ನ ಮಶೀನಿನ್ಯಾಗ ಹಾರೂ ಹನುಮಪ್ಪ ಇಲ್ಲ,” ಎಂದಳು ಐಶ್ವರ್ಯ. “ನಾ ನೀವ ಹಾರ್ಸಿದ್ರಿ ಅಂತ ತಿಳದಿದ್ದೆ.”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹಾಗಾದರೆ ಯಾರು?

ಶಂಕ್ರವ್ವ ಫೋನು ಎತ್ತಿ ಹಿಡಿದಳು. “ಎಲ್ಲಾರೂ ಹನುಮಪ್ಪನ್ನ ನೋಡಿದ್ರಿ. ಯಾರೂ ಕೇಳಲಿಲ್ಲ. ಈಗ ಕಣ್ಣ ಮುಚ್ಚಿ ಕೇಳ್ರಿ.”

ಕೆಂಪವ್ವನ ಹಾಡು. ಜೊತೆಗೆ ಅವಳ ಕೈಯ ತಾಳದ ಛಿಣ್ ಛಿಣ್. ಕಡಲು ಎದ್ದಿತು. ಹಾಡು ಏರಿತು — ತಾಳ ನಿಂತಿತು. ಹನುಮ ಹಾರಿ ಮುಗಿಸುವವರೆಗೆ ಬರೀ ಹಾಡು. ಆಮೇಲೆ ಮತ್ತೆ ಛಿಣ್ ಛಿಣ್.

“ಬಾಯಿ ಹಾಡಾಕತ್ತಿತ್ತು. ಕೈ ಎಲ್ಲಿದ್ವು?” ಶಂಕ್ರವ್ವ ಕೆಂಪವ್ವನ ಹತ್ತಿರ ಹೋಗಿ ಕೂತಳು. “ಪರದೆ ಹಿಂದ ಇದ್ದಾವ್ರು ಇಬ್ಬರ. ಒಬ್ಬಾಂವ ಮುಂದ ಬಂದಿದ್ದ. ಉಳದಾವ್ರು ನೀವು.”

ಕೆಂಪವ್ವ ತಲೆ ತಗ್ಗಿಸಿದಳು. “ಹಾಡು ಹಾರೂ ಜಾಗಾಕ್ಕ ಬಂತ್ರಿ. ಇವ್ರು ಇಲ್ಲ. ಅಂಥಾ ಕಡಲು ಸುಮ್ನ ಹೊಂಟೈತಿ, ಹನುಮಪ್ಪ ದಂಡಿಮ್ಯಾಲ ನಿಂತಾನ. ತಾಳ ಒಗದು ಮುಳ್ಳ ಕಿತ್ತೆ. ಹಾರ್ಸಿ, ಮತ್ತ ಅಲ್ಲೇ ಚುಚ್ಚಿದೆ. ಮುಟ್ಟಬಾರದಿತ್ತು. ಅದಕ್ಕ ಹನುಮಪ್ಪ ಬಿಟ್ಟ ಹ್ವಾದ ಅಂತ ತಿಳದೆ.”

“ಎಲ್ಲಿ ಕಲ್ತಿ?” ಭೀಮಶಿ ಕೇಳಿದ.

“ನಿಮ್ಮ ಬಾಜೂಕ ಕುಂತು ಹಾಡ್ಕೊಂತನ ನೋಡೀನಲ್ಲ, ಮದಿವಿ ಆದಾಗಿಂದ.”

ಭೀಮಶಿ ಹೆಂಡತಿಯ ಕೈಗಳನ್ನೇ ನೋಡಿದ. ಐಶ್ವರ್ಯಳಿಗೆ ಭಯವಾಯಿತು. ಅಜ್ಜನ ಕಾಲದ ಪದ್ಧತಿ ಮುರಿದದ್ದಕ್ಕೆ ಅವನು ಈಗ ಕೂಗಾಡಿದರೆ ಹೊಳೆಗೆ ಹೋಗುವುದು ಗೊಂಬೆಯಷ್ಟೇ ಅಲ್ಲ, ಆಟವೇ.

ಅವನು ಹನುಮನನ್ನು ಎತ್ತಿದ. ಹಣೆಗೆ ಒತ್ತಿಕೊಂಡ. ಬಿದಿರಿನ ಕಡ್ಡಿಯನ್ನು ಹೆಂಡತಿಯ ಕಡೆ ಚಾಚಿದ.

“ಸಿಟ್ಟಾಗಿದ್ರ ಹಂಗ ಹಾರತಿದ್ದನೇನ ಕೆಂಪಿ? ಹಿಡಿ.”

ದುರ್ಗಪ್ಪ ಐಶ್ವರ್ಯಳ ಮುಂದೆ ಬಂದು, ಮುಖ ಎತ್ತಲಾರದೆ, ತಣ್ಣಗಾಗಿದ್ದ ಅವಳ ಚಹಾದ ಕಪ್ಪು ತೆಗೆದುಕೊಂಡು ಬಿಸಿ ತರಲು ಹೋದ.

ಸಂಜೆ ಸಭಾಭವನ ಕಿಕ್ಕಿರಿದಿತ್ತು. ಮೂಡಲಗಿಯಿಂದ, ಮಮದಾಪುರದಿಂದ ಟ್ರ್ಯಾಕ್ಟರು ಕಟ್ಟಿಕೊಂಡು ಜನ ಬಂದಿದ್ದರು. ಪರದೆಯ ಮೇಲೆ ಕಡಲು ಎದ್ದಿತು. ಹನುಮ ಮೈ ಕುಗ್ಗಿಸಿ, ಬೆಳೆದು, ಹಾರಿದ. ಜನ ಹೋ ಎಂದರು. ಪಕ್ಕದಲ್ಲಿದ್ದ ಶಂಕ್ರವ್ವ ಐಶ್ವರ್ಯಳ ಮೊಣಕೈ ತಿವಿದು ಕಿವಿ ತೋರಿಸಿದಳು. ಐಶ್ವರ್ಯ ಕಣ್ಣು ಮುಚ್ಚಿ ಕೇಳಿದಳು. ಪರದೆಯ ಹಿಂದೆ ಕೆಂಪವ್ವನ ಹಾಡು. ಪರದೆಯ ಮುಂದೆ, ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ, ತಾಳ ಹಿಡಿದು ಕೂತ ಭೀಮಶಿ. ಪುಣ್ಯಾತ್ಮ ಆಟ ನೋಡುತ್ತ ನೋಡುತ್ತ ಲಯ ತಪ್ಪುತ್ತಿದ್ದ, ಆದರೆ ಈ ಸಲ ತಾಳ ನಿಲ್ಲಲಿಲ್ಲ.