ಕಾನ್‌ಸ್ಟೇಬಲ್ ಮಿಂಚೊ ಸತ್ತ ವಾರ

2023ರ ಮಾರ್ಚ್ 14ರ ಬೆಳಿಗ್ಗೆ ಗಾಬ್ರೊವೊ ಊರಿನ ಪೊಲೀಸ್ ಠಾಣೆಗೆ ಬಂದ ವಿಧವೆ ಜ್ಲಾತಿನಾ ತಮ್ಮ ಫೋನನ್ನು ಮೇಜಿನ ಮೇಲಿಟ್ಟು, "ನನ್ನ ಗಂಡನ ದನಿ ಅಳಿಸಿಬಿಟ್ಟಿದಾನೆ," ಎಂದರು.

ಗಂಡ ಗೆಂಚೊ ಸಾಯುವ ಮುನ್ನ ಆಸ್ಪತ್ರೆಯಿಂದ ಕಳಿಸಿದ್ದ ಧ್ವನಿಸಂದೇಶಗಳು ಅದರಲ್ಲಿದ್ದವು. ಸೂಟು ತೊಟ್ಟವನೊಬ್ಬ ಮನೆಗೆ ಬಂದು, ಸತ್ತವರ ನಂಬರಿನಿಂದ ವೈರಸ್ ಹರಡುತ್ತದೆಂದು ಹೆದರಿಸಿ, 'ರಕ್ಷಣೆ' ಹಾಕಿಕೊಟ್ಟು ನಲವತ್ತು ಲೆವಾ ಹಣ ಒಯ್ದಿದ್ದ. ಫೋನು ಈಗ ಖಾಲಿ. ಬೆನ್ನಿಗೆ ಮಾತ್ರ ಗುರಾಣಿಯ ಚಿತ್ರದ ಚೀಟಿ.

"ಗೆಂಚೊ ಹೋಗಿದ್ದು ಅವನಿಗೆ ಹೇಗೆ ಗೊತ್ತು?" ಇನ್‌ಸ್ಪೆಕ್ಟರ್ ಕರಾಬೆಲೊವ್ ಕೇಳಿದರು.

"ಯಾರಿಗ್ಗೊತ್ತಪ್ಪ. ಹೆಸರು ಹಿಡಿದೇ ಮಾತಾಡ್ದ."

ಕಾನ್‌ಸ್ಟೇಬಲ್ ಮಿಂಚೊ ನಕ್ಕ. "ಮೊದಲೇ ಆ್ಯಂಟಿವೈರಸ್ ಹಾಕ್ಕೊಂಡಿದ್ರೆ ಈ ಗೋಳು ಇರ್ತಿರಲಿಲ್ಲ ಸರ್."

"ಹಾಕಿಸ್ಕೊಂಡಿದ್ದಕ್ಕೇ ಈ ಗೋಳು, ದಡ್ಡ. ಫೋನು ತಯಾರಿಸಿದೋರೇ ಅದಕ್ಕೆ ಬೀಗ ಹಾಕಿರ್ತಾರೆ. ಒಳಗಿಂದ ಚಿಲಕ ತೆಗೆಯೋದು ನಾವು."

ಎಫ್‌ಐಆರ್ ದಾಖಲಾಯಿತು. ಪಂಚನಾಮೆಗೆ ಹೋದಾಗ ಜ್ಲಾತಿನಾರ ಬಾಗಿಲಲ್ಲಿ ಗೆಂಚೊನ ಫೋಟೊ, ಹೆಸರು ಇದ್ದ, ಸತ್ತ ನಲವತ್ತನೇ ದಿನಕ್ಕೆ ಊರಿಗೆ ಸಾವು ಸಾರುವ ಮರಣಪತ್ರ ಅಂಟಿತ್ತು. ಹೀಗೇ ಮೋಸಹೋಗಿ ದೂರು ಕೊಟ್ಟಿದ್ದ ಇನ್ನಿಬ್ಬರ ಬಾಗಿಲಲ್ಲೂ ಅಂಥದ್ದೇ ಕಾಗದ. ಊರಿನ ಬಾಗಿಲು, ಮರಗಳಲ್ಲೆಲ್ಲ ಅವು ಇದ್ದೇ ಇರುತ್ತವೆ, ಯಾರೂ ನಿಲ್ಲುವುದಿಲ್ಲ. ಸೂಟಿನವನೊಬ್ಬ ಮಾತ್ರ ನಿಂತು ಓದುತ್ತಿದ್ದನೆಂದು ಕರಾಬೆಲೊವ್‌ಗೆ ಹೊಳೆಯಿತು.

ಮರುದಿನ ಮಿಂಚೊನ ಬಾಗಿಲಲ್ಲಿ ಮಿಂಚೊನದೇ ಮರಣಪತ್ರ ಕಾಣಿಸಿತು.

"ಫೋಟೊದಲ್ಲಿ ಬದುಕಿರೋದಕ್ಕಿಂತ ಚೆನ್ನಾಗಿದೀಯ ಕಣೋ," ಎಂದಳು ಹೆಂಡತಿ ಪೆಂಕಾ, ವಿಧವೆಯರ ಕಪ್ಪು ವಸ್ತ್ರ ತಲೆಗೆ ಕಟ್ಟಿಕೊಳ್ಳುತ್ತ.

ಮೂರನೇ ದಿನ ಸೂಟಿನವನು ಬಂದ. "ಪಾಪ ಮಿಂಚೊ ಅಣ್ಣನ ನಂಬರಿಂದ ವೈರಸ್ ಬರ್ತಿದೆ ಅಕ್ಕಾ."

"ಯಾವ ವೈರಸ್ಸಪ್ಪಾ?" ಎನ್ನುತ್ತ ಮಿಂಚೊ ಬಾಗಿಲ ಹಿಂದಿನಿಂದ ಬಂದು ಅವನ ಕೈ ಹಿಡಿದ.

ಬಂಧಿತನ ಹೆಸರು ವೆಲಿಜಾರ್ ಡೊಕೊವ್. ಚೀಲದಲ್ಲಿ ಸಿಕ್ಕಿದ್ದು ಗಾಜು ಒರೆಸುವ ಬಟ್ಟೆ, ಒಂದು ಸುರುಳಿ ಗುರಾಣಿ ಚೀಟಿ. ಆ್ಯಂಟಿವೈರಸ್ ಎಂಬುದು ಎಲ್ಲೂ ಇರಲಿಲ್ಲ.

"ದುಡ್ಡು ತಗೊಂಡು ಹೋಗಬಹುದಿತ್ತಲ್ಲ. ಅಳಿಸಿದ್ದು ಯಾಕೆ?" ಕರಾಬೆಲೊವ್ ಕೇಳಿದರು.

"ಖಾಲಿ ಮಾಡಿದ್ರೆ ಫೋನ್ ಚುರುಕಾಗುತ್ತೆ ಸರ್. ರೋಗ ಹೋಯ್ತು ಅಂತಾರೆ. ಕಾಫಿ ಕೊಟ್ಟು, ಮಗನೇ, ನೀನು ಜಾಣ ಅಂತಾರೆ. ಫೋನ್ ಅಂಗಡಿ ಕೆಲಸದಿಂದ ನನ್ನನ್ನ ತೆಗೆದುಹಾಕಿದ ಮೇಲೆ ಹಾಗೆ ಯಾರೂ ಅಂದಿರಲಿಲ್ಲ."

ಕರಾಬೆಲೊವ್ ಅದನ್ನು ಅಕ್ಷರಶಃ ಬರೆದುಕೊಂಡರು. ಮೂರು ಮನೆಯ ಸತ್ತವರು ಅಳಿಸಿಹೋದದ್ದು ಇಷ್ಟಕ್ಕೆ.

ಗುರುತು ಹಿಡಿಯಲು ಬಂದ ಜ್ಲಾತಿನಾ ಒಂದೇ ಪ್ರಶ್ನೆ ಕೇಳಿದರು. "ಅಳಿಸೋ ಮುಂಚೆ ಒಂದಾದ್ರೂ ಕೇಳಿಸ್ಕೊಂಡ್ಯಾ?"

"ಇಲ್ಲಮ್ಮ."

ಅವರು ತಮ್ಮ ಫೋನಿನ ಬೆನ್ನಿನ ಗುರಾಣಿ ಚೀಟಿಯನ್ನು ಉಗುರಿನಿಂದ ಕಿತ್ತು, ಅವನ ಸೂಟಿನ ಎದೆಗೆ ಅಂಟಿಸಿ, ಖಾಲಿ ಫೋನು ಹಿಡಿದು ಹೊರಟರು.