ಕರದಂಟಿನ ಒಲೆ ಒಡೆದವರಾರು?

ಒಲೆ ಪುಡಿಪುಡಿಯಾಗಿತ್ತು. ಮೂರು ತಲೆಮಾರು ಕರದಂಟಿನ ಪಾಕ ಕಾಯಿಸಿದ ಎರಕದ ಕಡಾಯಿ ಎರಡು ಹೋಳಾಗಿ ಬೂದಿಯಲ್ಲಿ ಬಿದ್ದಿತ್ತು. ಅಂಥ ಕಡಾಯಿಯನ್ನು ಈಗ ಯಾರೂ ಎರಕ ಹೊಯ್ಯುವುದಿಲ್ಲ. ಅಂದರೆ, ಮಹೇಶನ ಅಂಗಡಿಯ ಕಥೆ ಮುಗಿದಂತೆಯೇ.

ಹೊರಗೆ ಗೋಕಾಕದ ಪೇಟೆಗೆ ಪೇಟೆಯೇ ಸಿಂಗಾರಗೊಂಡಿತ್ತು. ಊರು ಬೆಳೆಯುತ್ತಿದೆ, ದೊಡ್ಡ ಮಿಠಾಯಿ ಕಂಪನಿಯೊಂದು ಇವತ್ತು ಬಾಗಿಲು ತೆರೆಯಲಿದೆ ಎಂದು ಬ್ಯಾಂಡಿನವರು ಬೆಳಗಿನಿಂದ ಊದುತ್ತಲೇ ಇದ್ದರು. ಹವಾಲ್ದಾರ್ ದಾಕ್ಷಾಯಿಣಿಗೆ ತಲೆ ಚಿಟ್ಟುಹಿಡಿದಿತ್ತು.

“ಯಾವಾಗ ನೋಡಿದ್ರಿ?”

“ನಿನ್ನೆ ಸಂಜಿಕ ವರ್ತಕರ ಸಭೆಗೆ ಹೋಗಿದ್ದೆ ಮೇಡಮ್ಮರ. ಈ ಹೊಸಬರನ್ನ ಸ್ವಾಗತ ಮಾಡೋ ಸಭೆ! ಬಂದು ನೋಡಿದ್ರ ಹಿಂಗ.” ಮಹೇಶ ಹಲ್ಲು ಕಡಿದ. “ಬೀಗ ಒಡದಿಲ್ಲ. ಇನ್ನೊಂದು ಚಾವಿ ಪಾಕ ಮಾಡೋ ಲಗಮಣ್ಣನ ಹತ್ರ ಐತಿ. ಅವಗ ಕಂಪನ್ಯಾಗ ಕೆಲಸ ಸಿಕ್ಕೈತಿ. ಮತ್ಯಾರ್ರಿ?”

ಹಿಂದಿನ ಕೋಣೆಯಲ್ಲೇ ಇದ್ದ ಮಹೇಶನ ತಾಯಿ ಶಿವವ್ವನಿಗೆ ಕಿವಿ ಮಂದ. ಏನೂ ಕೇಳಿಸಲಿಲ್ಲ ಎಂದಳು. ಕರೀ ಚಹಾ ತಂದಿಟ್ಟು, “ಹಾಲು ಬೆಕ್ಕು ಕುಡೀತವ್ವಾ,” ಎಂದು ನಾಚಿದಳು.

ಲಗಮಣ್ಣ ಅತ್ತೇಬಿಟ್ಟ. “ನಾನ್ಯಾಕ ಒಡೀಲ್ರಿ ಅಕ್ಕಾರ? ಸಂಜೀನ ನಮ್ಮೂರು ತುಕ್ಕಾನಟ್ಟಿಗೆ ಹೋಗೇನಿ. ಬಸ್ಸಿನ್ಯಾಗ ಇದ್ದವರನ್ನ ಕೇಳ್ರಿ!” ದಾಕ್ಷಾಯಿಣಿ ವಿಚಾರಿಸಿದಳು, ನಿಜವಿತ್ತು.

ಕಂಪನಿಯ ಮ್ಯಾನೇಜರ್ ಶುಭಮ್ ಕೊರಳ ತುಂಬ ಹಾರ ಹಾಕಿಕೊಂಡೇ ಮಾತಾಡಿದ. “ನಮಗ್ಯಾಕ ಬೇಕ್ರಿ? ಮಹೇಶ ಅವರನ್ನ ನಾವ ಕೆಲಸಕ್ಕ ಕರದಿದ್ವಿ. ಅವ್ವ ಇರೋತನಕ ಒಲಿ ಆರಸಂಗಿಲ್ಲ ಅಂದ್ರು.”

ದಾಕ್ಷಾಯಿಣಿ ತಿರುಗಿ ಬಂದು ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕುಳಿತಳು. ಇಟ್ಟಿಗೆಯ ಮೇಲೆ ತುಪ್ಪದ ಜಿಡ್ಡು. ಅದರ ಕೆಳಗೆ—ಒಣಗಿದ ಹಾಲಿನ ಕೆನೆ!

“ಮಹೇಶ, ಕರದಂಟಿಗೆ ಹಾಲು ಹಾಕ್ತೀರೇನು?”

“ಇಲ್ರಿ.”

“ತುಪ್ಪ ಕಂಡ್ವಿ, ಕರದಂಟಿಂದು ಅಂತ ಸುಮ್ಮನಾದ್ವಿ. ಹಾಲು ಯಾರೂ ನೋಡಲಿಲ್ಲ. ಸತ್ತವರ ಮಣ್ಣಿನ ಮ್ಯಾಲ ಹಾಲು-ತುಪ್ಪ ಬಿಡತಾರ. ಈ ಒಲಿಗೂ ಬಿಟ್ಟಾರ. ವೈರಿ ಹಂಗ ಮಾಡತಾನೇನು? ಚಹಾದ ಹಾಲು ಬೆಕ್ಕು ಕುಡದಿಲ್ಲ.” ಅವಳು ಬಾಗಿಲಲ್ಲಿ ನಿಂತಿದ್ದ ಶಿವವ್ವನಿಗೂ ಕೇಳುವಂತೆ ದನಿ ಎತ್ತರಿಸಿದಳು. “ಒಡದವರು ನಿಮ್ಮ ಅವ್ವಾರು.”

ಶಿವವ್ವ ಸೆರಗು ಬಾಯಿಗೊತ್ತಿಕೊಂಡಳು. “ಹೌದು, ನಾನ ಕಬ್ಬಣದ ಹಾರಿ ತಗೊಂಡು ಒಡದೆ. ಇನ್ನ ಗಿರಾಕಿ ಎಲ್ಲಾ ಹೊಸಾ ಅಂಗಡಿಗೆ ಹೋಗ್ತಾರ. ಇಂವ ನನ್ನ ಸಲುವಾಗಿ ಹೊಗಿಯೊಳಗ ಸಾಯಾಕತ್ತಿದ್ದ. ಒಲಿ ಹೋದ್ರ ಕಂಪನಿಗೆ ಹೋಗ್ತಾನ, ಸುಖದಾಗ ಇರ್ತಾನ ಅಂತ...”

ಮಹೇಶ ಗೋಡೆಗೆ ಒರಗಿ ಕುಸಿದ. “ಯವ್ವಾ, ನಾ ಬ್ಯಾಡಂದ ಜಾಗಾಕ್ಕನ ಲಗಮಣ್ಣನ್ನ ತಗೊಂಡಾರ. ಇನ್ನ ಅಲ್ಲಿ ಜಾಗಾ ಇಲ್ಲ.”

ಯಾರನ್ನು ಹಿಡಿಯುವುದು, ಯಾರನ್ನು ಬಿಡುವುದು? ದಾಕ್ಷಾಯಿಣಿಗೆ ತನ್ನ ಖಾಕಿಯ ಮೇಲೇ ಬೇಸರ ಬಂತು.

ಶಿವವ್ವ ಮಗನ ಪಕ್ಕ ಕುಳಿತು ಮೆಲ್ಲಗೆ ಕೇಳಿದಳು: “ಹಂಗಾದ್ರ ನಾಳಿಂದ ಏನ ಮಾಡೋದಪಾ?”